ಬಾಯಿಯ ದುರ್ವಾಸನೆ: ಮರೆಮಾಡಿದರೆ ಸಾಲದು

ನಂಜನಗೂಡು ಎಂದೊಡನೆ ಶ್ರೀಕಂಠೇಶ್ವರನ ಗೋಪುರವೂ ರಸಬಾಳೆಯೂ ನೆನಪಾಗುವಂತೆ ಹಲ್ಲುಪುಡಿಯೂ ನಮಗೆ ನೆನಪಾಗುತ್ತದೆ. 1913ರಲ್ಲಿ ಬಿ. ವಿ. ಪಂಡಿತರು ಅಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಗುಲಾಬಿ ಬಣ್ಣದ ಪುಡಿ ಎಷ್ಟೋ ಮನೆಗಳ ಬಚ್ಚಲಿನ ಗೂಡಿನಲ್ಲಿ ಸ್ಥಾನ ಪಡೆದಿತ್ತು. ಪುಡಿಯಿಂದ ಹಲ್ಲು ತಿಕ್ಕಿ, ತಗಡಿನ ಪಟ್ಟಿಯಿಂದ ನಾಲಿಗೆ ಹೆರೆದು, ತಂಬಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಹಿರಿಯರ ಕ್ರಮ. ಈಗ ಬ್ರಷ್ಷೂ ಪೇಸ್ಟೂ ಬಂದಿವೆ, ಬಂದದ್ದು ಒಳ್ಳೆಯದೇ. ಆದರೆ ನಾಲಿಗೆ ಹೆರೆಯುವುದನ್ನು ಅನೇಕರು ಕೈಬಿಟ್ಟಿದ್ದಾರೆ. ಬಾಯಿಯ ದುರ್ವಾಸನೆಯ ಮುಖ್ಯ ನೆಲೆಯಾದರೋ ಆ ನಾಲಿಗೆಯೇ.

ಬಾಯಿ ನಾತಕ್ಕೆ ಹೊಟ್ಟೆಯೇ ಕಾರಣವೆಂದು ಭಾವಿಸಿ ಭೇದಿಯ ಔಷಧಿ ಸೇವಿಸುವವರುಂಟು. ಇದು ತಪ್ಪು ಕಲ್ಪನೆ. ಹೆಚ್ಚಿನ ಪಾಲು ದುರ್ವಾಸನೆ ಹುಟ್ಟುವುದು ಬಾಯಿಯಲ್ಲಿಯೇ. ನಾಲಿಗೆಯ ಹಿಂಭಾಗದಲ್ಲಿ, ಹಲ್ಲುಗಳ ಸಂದುಗಳಲ್ಲಿ, ವಸಡಿನ ಅಂಚಿನಲ್ಲಿ ಉಳಿದ ಆಹಾರದ ಕಣಗಳನ್ನೂ ಉದುರಿದ ಜೀವಕೋಶಗಳನ್ನೂ ಸೂಕ್ಷ್ಮಜೀವಿಗಳು ಕೊಳೆಯಿಸುತ್ತವೆ. ಆಗ ಗಂಧಕವುಳ್ಳ ಅನಿಲಗಳು ಹೊರಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲೊಂದು.

ಈ ಕೊಳೆಯನ್ನು ಸದಾ ತೊಳೆಯುತ್ತಿರುವುದು ಜೊಲ್ಲು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದಲೇ ಬೆಳಗಿನ ಬಾಯಿ ನಾರುತ್ತದೆ. ಕಪಿಲೆಯಲ್ಲಿ ಮಿಂದು ನಂಜುಂಡನ ದರ್ಶನವಾಗುವವರೆಗೆ ಉಪವಾಸವಿರುವವರಿಗೂ, ಅದೇ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಪುಣ್ಯಸ್ನಾನಕ್ಕೆ ಹಸಿದು ಕಾದಿರುವವರಿಗೂ ಬಾಯಿ ವಾಸನೆ ಬರುವುದು ಇದೇ ಕಾರಣದಿಂದ. ವ್ರತಕ್ಕೆ ಅಡ್ಡಿಯಿಲ್ಲದಿದ್ದರೆ ಆಗಾಗ ನೀರು ಕುಡಿಯಬೇಕು. ಇಲ್ಲವಾದರೆ ಬಾಯಿಯನ್ನಾದರೂ ಮುಕ್ಕಳಿಸಬೇಕು. ಬಾಯಿಯಿಂದ ಉಸಿರಾಡುವ ಅಭ್ಯಾಸವೂ ಕೆಲವು ಔಷಧಿಗಳೂ ಬಾಯನ್ನು ಒಣಗಿಸುತ್ತವೆ.

ಬೆಳ್ಳುಳ್ಳಿ, ಈರುಳ್ಳಿಗಳ ವಿಚಾರ ಬೇರೆ. ಅವುಗಳ ವಾಸನೆ ರಕ್ತದಲ್ಲಿ ಬೆರೆತು ಶ್ವಾಸಕೋಶದಿಂದಲೂ ಹೊರಬರುವುದರಿಂದ ಎಷ್ಟು ತೊಳೆದರೂ ಕೆಲವು ಗಂಟೆಗಳ ಕಾಲ ಉಳಿದು, ತಾನಾಗಿ ಹೋಗುತ್ತದೆ.

ಲವಂಗ, ಏಲಕ್ಕಿ, ತಾಂಬೂಲಗಳು ನಾತವನ್ನು ಸ್ವಲ್ಪ ಹೊತ್ತು ಮರೆಮಾಡುತ್ತವೆಯೇ ಹೊರತು ನೀಗಿಸುವುದಿಲ್ಲ. ತಾಂಬೂಲದ ಚಟವಂತೂ ಅಪಾಯಕರ. ತಂಬಾಕು ಸೇರದ ಬರಿಯ ಅಡಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ಸಾರಿದೆ.

ಹಾಗಾದರೆ ಮಾಡಬೇಕಾದುದೇನು? ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ, ಮೆತ್ತನೆಯ ಬ್ರಷ್ಷಿನಿಂದ ಎರಡು ನಿಮಿಷ ಹಲ್ಲುಜ್ಜಿರಿ. ಫ್ಲೋರೈಡ್ ಇರುವ ಪೇಸ್ಟು ಹುಳುಕನ್ನು ತಡೆಯುತ್ತದೆ. ಪುಡಿಯನ್ನೇ ಮೆಚ್ಚುವವರು ನುಣ್ಣನೆಯದನ್ನು ಆರಿಸಿ ಹಗುರವಾಗಿ ಉಜ್ಜಲಿ. ಆದರೆ ಬೆರಳು ಹಲ್ಲಿನ ಸಂದಿಗೆ ಹೋಗದೆಂಬುದು ನೆನಪಿರಲಿ. ಸಂದುಗಳಿಗೆ ಹಲ್ಲಿನ ದಾರವನ್ನು ಬಳಸಬಹುದು. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಹೆರೆಯಿರಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು. ವಸಡಿನಲ್ಲಿ ರಕ್ತ ಕಂಡರೆ ದಂತವೈದ್ಯರಿಂದ ಹಲ್ಲಿನ ಬುಡದ ಗಟ್ಟಿ ಕೊಳೆಯನ್ನು ತೆಗೆಸಿರಿ.

ಇಷ್ಟಾಗಿಯೂ ಎರಡು ವಾರಗಳಲ್ಲಿ ಗುಣ ಕಾಣದಿದ್ದರೆ ಟಾನ್ಸಿಲ್, ಸೈನಸ್‌ಗಳ ತೊಂದರೆ ಇರಬಹುದು, ವೈದ್ಯರಿಗೆ ತೋರಿಸಿರಿ. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಮಣಿಯೋ ಹುಣಿಸೆಬೀಜವೋ ಸಿಕ್ಕಿಕೊಂಡಿರಬಹುದು. ಮಧುಮೇಹಿಗಳ ಉಸಿರಿನಲ್ಲಿ ಹಣ್ಣಿನಂಥ ವಾಸನೆಯೊಡನೆ ವಾಂತಿ, ಆಯಾಸ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ತನ್ನ ಬಾಯಿಯ ವಾಸನೆ ತನಗೇ ತಿಳಿಯದಿರುವುದು ಈ ಬಾಧೆಯ ದೊಡ್ಡ ತೊಡಕು. ಕಚೇರಿಯವರು ಮುಖ ತಿರುಗಿಸುತ್ತಾರೆ, ಶಾಲೆಯ ಗೆಳೆಯರು ನಗುತ್ತಾರೆ. ಕಾರಣವನ್ನು ಯಾರೂ ಹೇಳುವುದಿಲ್ಲ. ಹೇಳಬೇಕಾದವರು ಮನೆಯವರೇ. ಪತಿಗೆ ಪತ್ನಿಯೂ ಪತ್ನಿಗೆ ಪತಿಯೂ ಮಕ್ಕಳಿಗೆ ತಾಯಿಯೂ ನಾಲ್ವರ ಮುಂದೆ ಹಂಗಿಸದೆ, ಏಕಾಂತದಲ್ಲಿ, ಜ್ವರದ ವಿಚಾರ ಹೇಳುವಷ್ಟೇ ಸಹಜವಾಗಿ ತಿಳಿಸಬೇಕು. ಕೇಳಿದವರೂ ಅದನ್ನು ಅವಮಾನವೆಂದು ಬಗೆಯದೆ, ಮರುದಿನ ಬೆಳಿಗ್ಗೆಯೇ ಆ ನಾಲಿಗೆ ಪಟ್ಟಿಯನ್ನು ಕೈಗೆತ್ತಿಕೊಳ್ಳಲಿ.