ಕಿರುತೆರೆಯ ನಾಗಿನಿಯೂ ಕರ್ಣನ ಬಾಣವೂ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಗೆ ಬಿ.ಟಿ.ಎಂ. ಎಂದು ಹೆಸರಿಟ್ಟರು. ತಾವರೆಯೂ ಕೆರೆಯೂ ಒಂದೇ ಅಕ್ಷರದೊಳಗೆ ಅಡಗಿಹೋದುದು ಆ ಬಡಾವಣೆಯ ಭಾಗ್ಯವೆನ್ನಬೇಕೋ ಏನೋ! ಅಲ್ಲಿಯ ಒಂದು ಮನೆಯಲ್ಲಿ, ೨೦೧೬ರ ಒಂದು ಸಂಜೆ, ದೇವರ ಮುಂದೆ ದೀಪ ಹಚ್ಚಿದ ಅಜ್ಜಿ ಮೊಮ್ಮಗಳೊಡನೆ ಕುಳಿತು ಜೀ ಕನ್ನಡ ವಾಹಿನಿಯ 'ನಾಗಿನಿ' ಧಾರಾವಾಹಿಯ ಅಂದಿನ ಸಂಚಿಕೆಯನ್ನು ನೋಡುತ್ತಿದ್ದರು. ತಂದೆತಾಯಿಗಳನ್ನು ದ್ರೋಹದಿಂದ ಕಳೆದುಕೊಂಡ ನಾಗಕನ್ಯೆ ಅಮೃತಾ ಮಾನವರೂಪವನ್ನು ತಾಳಿ ಸೇಡಿಗಾಗಿ ಹೊರಟವಳು. ಆ ಪಾತ್ರವನ್ನು ದೀಪಿಕಾ ದಾಸ್ ಅಭಿನಯಿಸಿದ್ದರು. ಹಗೆಯವರ ಎದುರಿನಲ್ಲಿ ಅವಳದು ನಗುಮೊಗ. ಅವರು ಬೆನ್ನು ತಿರುಗಿಸಿದೊಡನೆ ಕಣ್ಣಿನ ಬಣ್ಣವೇ ಬೇರೆ. ಸಂಗೀತ ಭೋರ್ಗರೆಯಿತು. ಹುಡುಗಿ ಕೇಳಿದಳು:

"ಅಜ್ಜಿ, ಅವರು ಮೋಸ ಮಾಡಿದ್ದು ತಪ್ಪು. ಈಗ ಇವಳು ಮಾಡುತ್ತಿರುವುದೂ ಮೋಸವೇ ಅಲ್ಲವೆ?"

ಅಜ್ಜಿ ಆಗ ಉತ್ತರ ಕೊಡಲಿಲ್ಲ. ಜಾಹೀರಾತು ಬರಲೆಂದು ಕಾದರು.

ನಾಗಿನಿಯ ಕಥೆಗಳು ಮರೆಯಿಸಲು ಹವಣಿಸುವುದು ಇದೇ ಪ್ರಶ್ನೆಯನ್ನು. ೧೯೭೬ರಲ್ಲಿ ರಾಜ್‌ಕುಮಾರ್ ಕೊಹ್ಲಿಯವರು ನಿರ್ದೇಶಿಸಿದ 'ನಾಗಿನ್' ಹಿಂದಿ ಚಿತ್ರದಲ್ಲಿ ಹೆಣ್ಣುಹಾವು ತನ್ನ ಜೊತೆಗಾರನನ್ನು ಕೊಂದವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತದೆ. ಅದೇ ಹೆಸರಿನ ಹಿಂದಿ ಧಾರಾವಾಹಿ ೨೦೧೫ರ ನವೆಂಬರಿನಲ್ಲಿ ಬಂದಿತು; ಕನ್ನಡದ ನಾಗಿನಿ ೨೦೧೬ರ ಫೆಬ್ರವರಿಯಲ್ಲಿ; ಅದರ ಎರಡನೆಯ ಅವತಾರ ೨೦೨೦ರಲ್ಲಿ. ಈ ಜಾತಿಯ ಕಥೆಗಳಲ್ಲೆಲ್ಲ ಸೇಡಿನ ಸಾಧನ ವೇಷವೇ. ನಂಬಿಸಿ ಸಮೀಪಿಸುವುದು, ನಂಬಿದವನನ್ನು ಕೆಡಹುವುದು. ದ್ರೋಹಕ್ಕೆ ಒಳಗಾದವಳು ದ್ರೋಹದ ವಿದ್ಯೆಯನ್ನೇ ಕಲಿತು ದ್ರೋಹಿಗಿಂತ ನಿಪುಣಳಾಗುತ್ತಾಳೆ. ಪ್ರೇಕ್ಷಕನು ಚಪ್ಪಾಳೆ ತಟ್ಟುತ್ತಾನೆ.

ಇಂತಹ ಹಾವಿಗೆ ಹಿಂದಿಯಿಂದ ಬಂದ 'ಇಚ್ಛಾಧಾರಿ' ಎಂಬ ಹೆಸರೊಂದು ರೂಢಿಯಾಗಿದೆ. ಬೇಕಾದ ರೂಪವನ್ನು ತಾಳಬಲ್ಲವಳನ್ನು ಸಂಸ್ಕೃತವು ಕಾಮರೂಪಿಣಿ ಎನ್ನುತ್ತದೆ. ಇಚ್ಛಾಧಾರಿ ಎಂದರೆ ಇಚ್ಛೆಯನ್ನು ಹೊತ್ತವಳು ಎಂದಷ್ಟೇ ಅರ್ಥ. ಶಬ್ದ ತಪ್ಪಾದರೂ ಈ ಸಂದರ್ಭಕ್ಕೆ ಅದು ಸರಿಯಾಗಿಯೇ ಕೂತಿದೆ!

ಸೇಡಿನ ಹಾವು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಖಾಂಡವದಹನದಲ್ಲಿ ಅರ್ಜುನನ ಬಾಣಕ್ಕೆ ತಾಯಿಯನ್ನು ಕಳೆದುಕೊಂಡ ತಕ್ಷಕನ ಮಗ ಅಶ್ವಸೇನನು ಎಷ್ಟೋ ಕಾಲದ ಮೇಲೆ ಕುರುಕ್ಷೇತ್ರಕ್ಕೆ ಬರುತ್ತಾನೆ. ಅವನ ದುಃಖ ನಿಜವಾದುದು. ನಾಗಿನಿಯ ದುಃಖಕ್ಕಿಂತ ಕಿರಿದೇನೂ ಅಲ್ಲ. ಆದರೆ ಅವನು ಮಾಡಿದ್ದೇನು? ವ್ಯಾಸಭಾರತದ ಪ್ರಕಾರ, ಕರ್ಣನಿಗೆ ಅರಿವಿಲ್ಲದಂತೆ ಅವನ ಬಾಣದೊಳಗೆ ಸೇರಿಕೊಂಡನು. ಕೃಷ್ಣನು ರಥವನ್ನು ನೆಲಕ್ಕೆ ಅದುಮಿದನು. ಬಾಣವು ಅರ್ಜುನನ ಕಿರೀಟವನ್ನು ಮಾತ್ರ ಕೆಡಹಿತು. ಹಿಂತಿರುಗಿ ಬಂದ ಸರ್ಪವು ತನ್ನನ್ನು ಮತ್ತೊಮ್ಮೆ ಹೂಡೆಂದು ಬೇಡಿತು. ತಾಯಿಯ ಕೊಲೆಯನ್ನು ಹೇಳಿಕೊಂಡಿತು. ಅರ್ಜುನವಧೆಯೇ ಜನ್ಮದ ಹಂಬಲವಾಗಿದ್ದ ಕರ್ಣನು, ಪರರ ಬಲವನ್ನು ನಂಬಿ ಗೆಲ್ಲಲಾರೆನೆಂದೂ ನೂರು ಮಂದಿ ಅರ್ಜುನರನ್ನು ಕೊಲ್ಲುವುದಾದರೂ ಬಿಟ್ಟ ಬಾಣವನ್ನು ಮತ್ತೆ ಹೂಡಲಾರೆನೆಂದೂ ಹೇಳಿಬಿಟ್ಟನು. ಕುಮಾರವ್ಯಾಸನ ಕರ್ಣನೂ ಈ ನಿರಾಕರಣೆಯಲ್ಲಿ ಕದಲುವುದಿಲ್ಲ. ಅನ್ಯಾಯಕ್ಕೆ ಒಳಗಾದವನ ಕಣ್ಣೀರನ್ನು ಕವಿ ಅಲ್ಲಗಳೆಯಲಿಲ್ಲ; ಅವನು ಹಿಡಿದ ಕಳ್ಳದಾರಿಯನ್ನು ಮಾತ್ರ ಒಪ್ಪಲಿಲ್ಲ. ಇಷ್ಟು ಸೂಕ್ಷ್ಮವಾದ ವಿವೇಚನೆಗೆ ಕಿರುತೆರೆಯ ಸಂಚಿಕೆಯಲ್ಲಿ ಎಡೆಯೆಲ್ಲಿ?

ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆ ಇನ್ನೂ ಕಠಿಣವಾದುದು. ವಾಯುಭೂತಿಯು ಅಣ್ಣನ ಹೆಂಡತಿ ಸೋಮದತ್ತೆಯನ್ನು ಕಾಲಿನಿಂದ ಒದ್ದನು. ಮುಂದಿನ ಭವದಲ್ಲಾದರೂ ಆ ಕಾಲನ್ನೇ ತಿನ್ನುವೆನೆಂದು ಅವಳು ನಿದಾನ ಮಾಡಿದಳು. ಸಂಕಲ್ಪ ಈಡೇರಿತು, ಆದರೆ ಅದಕ್ಕಾಗಿ ಅವಳು ನರಿಯಾಗಿ ಹುಟ್ಟಬೇಕಾಯಿತು. ಅಷ್ಟರಲ್ಲಿ ವಾಯುಭೂತಿಯ ಜೀವವು ಭವಗಳನ್ನು ದಾಟಿ ಸುಕುಮಾರನಾಗಿ ತಪಸ್ಸಿಗೆ ನಿಂತಿತ್ತು. ಮರಿಗಳೊಡನೆ ಬಂದ ನರಿ ಕಾಲಿನಿಂದ ತಿನ್ನತೊಡಗಿತು, ಮುನಿ ಕದಲಲಿಲ್ಲ. ಹಗೆಯು ಹೊತ್ತವಳನ್ನೇ ಎಷ್ಟು ಕೆಳಕ್ಕೆ ಎಳೆಯಿತೆಂಬುದನ್ನು ಕಥೆಗಾರನು ಮರೆಮಾಚುವುದಿಲ್ಲ. ಸಿಟ್ಟಿನ ಉರಿ ಮೊದಲು ಹೊತ್ತವನನ್ನೇ ದಹಿಸುವುದೆಂದು ಬಸವಣ್ಣನವರು ಎಚ್ಚರಿಸಿದ್ದೂ ಇದನ್ನೇ. ಧಾರಾವಾಹಿಯಲ್ಲಾದರೋ ಹಗೆಯ ರೂಪಕ್ಕೆ ಒಡವೆ, ಜರತಾರಿ, ಥಳಥಳಿಸುವ ಹೆಡೆ! ಅದು ಪದವಿಯಾಗಿ ಕಾಣುತ್ತದೆಯೇ ಹೊರತು ಪತನವಾಗಿ ಅಲ್ಲ.

ಇದಕ್ಕೆ ಕಾರಣವನ್ನು ಬರೆದವರ ಅಜ್ಞಾನದಲ್ಲಿ ಹುಡುಕುವುದು ನ್ಯಾಯವಲ್ಲ. ದಿನವಹಿ ನಡೆಯುವ ಕಥೆಗೆ ಮುಕ್ತಾಯವೇ ಶತ್ರು. ಹಗೆ ತೀರಿದರೆ ಕಥೆ ನಿಲ್ಲುತ್ತದೆ. ಕಥೆ ನಿಂತರೆ ಜಾಹೀರಾತೂ ನಿಲ್ಲುತ್ತದೆ. ಆದ್ದರಿಂದ ಎತ್ತಿದ ಹೆಡೆ ನಾಳೆಯವರೆಗೆ ಎತ್ತಿಯೇ ಇರಬೇಕು. ಮಹಾಭಾರತವೂ ದೀರ್ಘವಾದುದೇ. ಜನಮೇಜಯನು ತಂದೆಯ ಸಾವಿನ ಸೇಡಿಗಾಗಿ ಹೂಡಿದ ಸರ್ಪಯಾಗದಲ್ಲಿಯೇ ವೈಶಂಪಾಯನನು ಅದನ್ನು ಹೇಳಿದನು. ಆದರೆ ಆ ಯಾಗವನ್ನು ನಿಲ್ಲಿಸಲು ನಾಗಮಾತೆಯ ಮಗನಾದ ಆಸ್ತೀಕನು ಬಂದನು. ವಾಹಿನಿಯ ಯಾಗಶಾಲೆಗೆ ಆಸ್ತೀಕನ ಪ್ರವೇಶವನ್ನು ಮುಂದೂಡುತ್ತ ಹೋಗುವುದೇ ಕಥೆಯ ತಂತ್ರವಾಗಿದೆ.

ಹಾಗೆಂದು ಮನೆಗಳಲ್ಲಿ ದೂರದರ್ಶನವನ್ನು ಮುಚ್ಚಿಸುವುದರಿಂದ ಪ್ರಯೋಜನವಿಲ್ಲ. ಹತ್ತು ಭಾಷೆಗಳು ಕಿವಿಗೆ ಬೀಳುವ ಅಂತಹ ಬಡಾವಣೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕುಳಿತು ಕನ್ನಡ ಕೇಳುವ ಅರ್ಧ ಗಂಟೆ ಸಣ್ಣದೇನಲ್ಲ. ಪಾಠಶಾಲೆಯಲ್ಲಿ ಅಶ್ವಸೇನನ ಪ್ರಸಂಗವನ್ನು ಕಲಿಸುವ ಉಪಾಧ್ಯಾಯರು, ಪರೀಕ್ಷೆಗೆ ಬರುವ ಪ್ರಶ್ನೆಯನ್ನು ಬರೆಯಿಸಿ ಮುಗಿಸುವ ಬದಲು, ನಾಗಿನಿಯನ್ನೂ ಅವನ ಪಕ್ಕಕ್ಕೆ ಕರೆತಂದರೆ ತರಗತಿ ಎಚ್ಚರಗೊಂಡೀತು.

ಜಾಹೀರಾತು ಬಂದಾಗ ಅಜ್ಜಿ ಧ್ವನಿಯನ್ನು ತಗ್ಗಿಸಿ ಕರ್ಣನ ಬಾಣದ ಕಥೆಯನ್ನು ಹೇಳಿದರು. ನಾಗಿನಿ ಮತ್ತೆ ಪರದೆಗೆ ಬಂದರೂ ಕಥೆ ನಿಲ್ಲಲಿಲ್ಲ.

"ಕರ್ಣ ಒಲ್ಲೆ ಎಂದಮೇಲೆ ಆ ಹಾವು ಏನಾಯಿತು, ಅಜ್ಜಿ?"

"ತಾನೇ ಹೊರಟಿತು, ಮಗೂ. ಅರ್ಜುನ ದಾರಿಯಲ್ಲೇ ಕತ್ತರಿಸಿ ಹಾಕಿದ."

"ಪಾಪ," ಎಂದಳು ಹುಡುಗಿ. ಅಜ್ಜಿಯೂ ಪಾಪವೆಂದೇ ಒಪ್ಪಿದರು.