ಹಿಮದ ನಾಡಿನ ಒಂದು ಅವಿಭಕ್ತ ಕುಟುಂಬ



ನೆರೆಮನೆಯವರೊಡನೆ ಮಾತಿಗೆ ಮಾತು ಬೆಳೆದರೆ ನಾವು ನಾಲ್ಕು ದಿನ ಆ ಓಣಿಯಲ್ಲಿ ಹಾಯದೆ ಇದ್ದುಬಿಡುತ್ತೇವೆ. ಮನೆಯೊಳಗೇ ಮನಸ್ತಾಪವಾದರೆ ತವರಿಗೋ ಅಕ್ಕನ ಊರಿಗೋ ಹೋಗಿ, ಮನಸ್ಸು ತಿಳಿಯಾದ ಮೇಲೆ ಹಿಂತಿರುಗುತ್ತೇವೆ. ಆದರೆ ಹೊಸ್ತಿಲು ದಾಟಿದರೆ ಬರಿಯ ಕಲ್ಲು ಮತ್ತು ಹಿಮ, ಚಳಿಗಾಲ ಮುಗಿಯುವವರೆಗೆ ಹಡಗಿಲ್ಲ, ವಿಮಾನವಿಲ್ಲ, ಊಟಕ್ಕೆ ಕುಳಿತರೂ ಕೆಲಸಕ್ಕೆ ನಿಂತರೂ ಅವೇ ಇಪ್ಪತ್ತೈದು ಮುಖಗಳು ಎಂದಾದರೆ ಅಂಥ ಮನೆಯಲ್ಲಿ ಬಾಳುವುದು ಹೇಗೆ? ಈ ತಿಂಗಳು ವಾಚಕರನ್ನು ಅಂಥದೊಂದು ಮನೆಗೆ ಕರೆದೊಯ್ಯಬೇಕೆಂದಿದ್ದೇವೆ.

ಆ ಮನೆಯ ಹೆಸರು ಮೈತ್ರಿ. ದಕ್ಷಿಣ ಧ್ರುವದ ಅಂಟಾರ್ಕ್ಟಿಕಾ ಖಂಡದಲ್ಲಿರುವ ನಮ್ಮ ದೇಶದ ಸಂಶೋಧನಾ ನೆಲೆ ಅದು. ಅಲ್ಲಿಗೆ ಹೋಗುವ ದಾರಿ ಮೊದಲು ತೆರೆದದ್ದು ಗೋವೆಯಿಂದ. 1981ರ ಡಿಸೆಂಬರ್ 6ರಂದು ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ 21 ಮಂದಿಯ ಮೊದಲ ತಂಡ ಗೋವೆಯಿಂದಲೇ ಹಡಗು ಹತ್ತಿತು. ಇಂದು ಈ ಎಲ್ಲ ಕಾರ್ಯದ ಉಸ್ತುವಾರಿ ನೋಡುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿರುವುದೂ ಗೋವೆಯ ವಾಸ್ಕೋದಲ್ಲಿ. ವಾಸ್ಕೋದಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಬಂಧುಗಳಿಗೆ ಇದು ತಮ್ಮ ಊರಿನ ಸಂಗತಿಯೇ ಸರಿ.

1983-84ರಲ್ಲಿ ನಮ್ಮವರು ಮೊದಲು ಕಟ್ಟಿದ ನೆಲೆ ದಕ್ಷಿಣ ಗಂಗೋತ್ರಿ. ಅದನ್ನು ಕಟ್ಟಿದ್ದು ಹಿಮದ ಹಾಸಿನ ಮೇಲೆ. ವರ್ಷ ವರ್ಷ ಬೀಳುವ ಹಿಮ ಅದನ್ನು ಮೆಲ್ಲಮೆಲ್ಲನೆ ನುಂಗಿತು. ಆಗ ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ಒಳಗೆ, ಶಿರ್ಮಾಕರ್ ಎಂಬ ಬರಿಗಲ್ಲಿನ ನೆಲದಲ್ಲಿ, ಕಂಬಗಳ ಮೇಲೆ ಮೈತ್ರಿಯನ್ನು ನಿಲ್ಲಿಸಿದರು. 1989ರಿಂದ ಅದು ನಡೆದುಕೊಂಡು ಬಂದಿದೆ. ಎದುರಿಗೆ ಪ್ರಿಯದರ್ಶಿನಿ ಎಂಬ ಸಿಹಿನೀರಿನ ಸರೋವರ. ಚಳಿಗಾಲದಲ್ಲಿ ಅದರ ಮೇಲ್ಭಾಗ ಕಲ್ಲಿನಂತೆ ಗಟ್ಟಿಯಾದರೂ ಕೆಳಗೆ ನೀರಿರುತ್ತದೆ. ಮನೆಮಂದಿಗೆಲ್ಲ ಕುಡಿಯಲು, ಅಡಿಗೆಗೆ ಅದೇ ಆಧಾರ.

ಅಲ್ಲಿ ಸೂರ್ಯನೇ ಗಡಿಯಾರವಲ್ಲ. ಮೇ ತಿಂಗಳ ಕೊನೆಗೆ ಮುಳುಗಿದ ಸೂರ್ಯ ಸುಮಾರು ಎರಡು ತಿಂಗಳು ತಲೆ ಎತ್ತುವುದಿಲ್ಲ. ಬೇಸಿಗೆಯಲ್ಲಿ ಅಷ್ಟೇ ಕಾಲ ಮುಳುಗುವುದೂ ಇಲ್ಲ. ಹಿಮಗಾಳಿ ಎದ್ದರೆ ಚಾಚಿದ ಕೈ ಕಾಣದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಹಗ್ಗ ಹಿಡಿದು ನಡೆಯಬೇಕು. ಹೀಗಿರುವಾಗ ದಿನವನ್ನು ದಿನವೆಂದು ಉಳಿಸುವುದು ಊಟದ ವೇಳೆ ಮತ್ತು ಕೆಲಸದ ಪಾಳಿ, ಇವೆರಡೇ.

ಧ್ರುವ ಸಂಶೋಧನೆ ಎಂದರೆ ಬಿಳಿ ಅಂಗಿ ತೊಟ್ಟ ವಿಜ್ಞಾನಿಗಳ ಕೆಲಸವೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತೇವೆ. ವಿಜ್ಞಾನಿಗಳೇನೋ ಇರುತ್ತಾರೆ. ಅವರ ಜೊತೆಗೆ ವೈದ್ಯರು, ಅಡಿಗೆಯವರು, ಡೀಸೆಲ್ ಮೆಕ್ಯಾನಿಕ್, ವಾಹನ ನಡೆಸುವವರು, ವಿದ್ಯುತ್ ಕೆಲಸದವರು, ನಿಸ್ತಂತು ಸಂಪರ್ಕ ನೋಡಿಕೊಳ್ಳುವವರು ಹೀಗೆ ಬೇರೆ ಬೇರೆ ಊರು, ಭಾಷೆ, ಓದಿನವರು ಒಂದೇ ಮಾಡಿನ ಕೆಳಗೆ ಸೇರುತ್ತಾರೆ. ಹೊರಡುವ ಮೊದಲು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ದೇಹವನ್ನಷ್ಟೇ ಅಲ್ಲ, ಮನಸ್ಸನ್ನೂ ಪರೀಕ್ಷಿಸುತ್ತಾರೆ. ಬಳಿಕ ಹಿಮಾಲಯದ ಔಲಿಯಲ್ಲಿ ಹಿಮದ ಮೇಲೆ ನಡೆಯುವ, ಬಿದ್ದವರನ್ನು ಎತ್ತುವ ತರಬೇತಿ ಕೊಡುತ್ತಾರೆ.

ಇಂಥ ನೆಲೆಗಳಲ್ಲಿ ಅಡಿಗೆಯವರ ಸ್ಥಾನ ದೊಡ್ಡದು. ಹೊಸ ತರಕಾರಿ ಹಡಗು ಹೋದ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಆಮೇಲೆ ಬೇಳೆ, ಹಿಟ್ಟು, ಒಣಗಿಸಿದ್ದು, ಹೆಪ್ಪುಗಟ್ಟಿಸಿದ್ದು, ಡಬ್ಬಿಯದು. ಅದರಲ್ಲೇ ಒಬ್ಬರಿಗೆ ರೊಟ್ಟಿ ಬೇಕು, ಇನ್ನೊಬ್ಬರಿಗೆ ಅನ್ನ ಸಾರು ಬೇಕು. ಅಡಿಗೆಯವರಿಗೆ ನೆರವಾಗುವುದು, ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಶೌಚಾಲಯ ಶುಚಿ ಮಾಡುವುದು ಎಲ್ಲರಿಗೂ ಸರದಿಯಂತೆ ಬರುತ್ತದೆ. ಡಾಕ್ಟರೇಟ್ ಪಡೆದವರೆಂದೋ ತಂಡದ ಮುಖಂಡರೆಂದೋ ಅದರಿಂದ ಬಿಡುಗಡೆಯಿಲ್ಲ.

ಮೆಕ್ಯಾನಿಕ್ ಇನ್ನೂ ದೊಡ್ಡವನು. ಡೀಸೆಲ್ ಜನರೇಟರ್ ನಿಂತರೆ ಬೆಳಕು, ಬಿಸಿ, ನೀರು ಮೂರೂ ನಿಂತವು. ರಷ್ಯನ್ನರ ವೊಸ್ತೋಕ್ ನೆಲೆಯಲ್ಲಿ 1982ರ ಏಪ್ರಿಲ್ 12ರಂದು ವಿದ್ಯುತ್ ಮನೆಗೆ ಬೆಂಕಿ ಬಿದ್ದು ಅಲ್ಲಿಯ ಮೆಕ್ಯಾನಿಕ್ ತೀರಿಕೊಂಡನು. ಭೂಮಿಯ ಮೇಲೆ ಅಳತೆಗೆ ಸಿಕ್ಕಿದ ಅತ್ಯಂತ ಕಡಿಮೆ ಉಷ್ಣತೆ, ಸೊನ್ನೆಗಿಂತ 89.2 ಡಿಗ್ರಿ ಕೆಳಗೆ, ದಾಖಲಾದದ್ದು ಇದೇ ವೊಸ್ತೋಕ್‌ನಲ್ಲಿ, ಮರುವರ್ಷ. ಅಂಥ ಜಾಗದಲ್ಲಿ ಉಳಿದ 20 ಮಂದಿ ಕೈಯಲ್ಲಿದ್ದ ಸಾಮಾನುಗಳಿಂದಲೇ ಒಲೆ ಮಾಡಿಕೊಂಡು, ಮೇಣದ ಬತ್ತಿ ಹೊತ್ತಿಸಿಕೊಂಡು ಚಳಿಗಾಲ ಕಳೆದರು. ಒಬ್ಬನ ಕೆಲಸ ಎಷ್ಟು ದೊಡ್ಡದಾಗಿತ್ತೆಂದು ಅವನಿಲ್ಲದಾಗ ತಿಳಿಯಿತು.

ಮೈತ್ರಿಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ರಷ್ಯನ್ನರ ನೊವೊಲಾಜರೆವ್‌ಸ್ಕಾಯಾ ನೆಲೆಯಿದೆ. ಅದು ಆರಂಭವಾದ 1961ರಲ್ಲೇ ಅಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಆ ಚಳಿಗಾಲ ಅಲ್ಲಿದ್ದವರು 13 ಮಂದಿ. ಅವರಲ್ಲಿ ವೈದ್ಯರು ಒಬ್ಬರೇ, 27 ವರ್ಷದ ಲಿಯೊನಿದ್ ರೊಗೊಜೊವ್. ಏಪ್ರಿಲ್ 29ರಂದು ಆ ವೈದ್ಯರಿಗೇ ಹೊಟ್ಟೆನೋವು, ಜ್ವರ ಆರಂಭವಾಯಿತು. ಅದು ಅಪೆಂಡಿಸೈಟಿಸ್ ಎಂದು ಅವರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಹೊರಗೆ ಹಿಮಗಾಳಿ. ವಿಮಾನ ಬರುವಂತಿಲ್ಲ. ಕೊಯ್ಯದಿದ್ದರೆ ಸಾವು ಖಂಡಿತ; ಕೊಯ್ಯಬಲ್ಲವರು ತಾವೊಬ್ಬರೇ.

ಏಪ್ರಿಲ್ 30ರ ನಡುರಾತ್ರಿ ಕಳೆದ ಮೇಲೆ ಅವರು ತಮ್ಮ ಹೊಟ್ಟೆಯನ್ನು ತಾವೇ ಕೊಯ್ದುಕೊಂಡರು. ಹೊಟ್ಟೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಚುಚ್ಚುಮದ್ದು. ಹವಾಮಾನ ನೋಡುವ ಆರ್ತೆಮೆವ್ ಶಸ್ತ್ರಗಳನ್ನು ಕೈಗೆ ಕೊಟ್ಟರು. ಮೆಕ್ಯಾನಿಕ್ ತೆಪ್ಲಿನ್‌ಸ್ಕಿ ಕನ್ನಡಿ ಹಿಡಿದು ದೀಪ ತಿರುಗಿಸಿದರು. ಇವರಲ್ಲಿ ಯಾರಾದರೂ ತಲೆ ತಿರುಗಿ ಬಿದ್ದರೆ ಇರಲೆಂದು ನೆಲೆಯ ಮುಖ್ಯಸ್ಥರೂ ಪಕ್ಕದಲ್ಲಿ ನಿಂತರು. ತಾನು ಪ್ರಜ್ಞೆ ತಪ್ಪಿದರೆ ಯಾವ ಔಷಧಿ ಹೇಗೆ ಚುಚ್ಚಬೇಕೆಂಬುದನ್ನು ವೈದ್ಯರು ಮೊದಲೇ ಅವರಿಗೆ ಕಲಿಸಿದ್ದರು. ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗಾಗಿ ಕಾಣುತ್ತಿದ್ದುದರಿಂದ ರೊಗೊಜೊವ್ ಹೆಚ್ಚಿನ ಕೆಲಸವನ್ನು ಬೆರಳ ಸ್ಪರ್ಶದಿಂದಲೇ ಮಾಡಿದರು. ಬಳಲಿಕೆ ಬಂದಾಗ ನಡುನಡುವೆ ವಿಶ್ರಮಿಸಿದರು. ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಹೊಲಿಗೆ ಮುಗಿಯಿತು. ಎರಡು ವಾರಗಳಲ್ಲಿ ಅವರು ಮತ್ತೆ ಕೆಲಸಕ್ಕೆ ನಿಂತರು. ಆ ಬಳಿಕ 2000ದವರೆಗೆ ಬದುಕಿದರು.

ಲೋಕವೆಲ್ಲ ಆ ವೈದ್ಯರ ಧೈರ್ಯವನ್ನು ಕೊಂಡಾಡಿತು. ಅದು ಯೋಗ್ಯವೇ. ಆದರೆ ನಮ್ಮ ಮನಸ್ಸು ಆ ಕನ್ನಡಿ ಹಿಡಿದ ಮೆಕ್ಯಾನಿಕ್‌ನ ಕಡೆಗೆ ಹೋಗುತ್ತದೆ. ಯಂತ್ರ ಬಿಚ್ಚಿ ಜೋಡಿಸುವ ಕೈ ಅದು. ತನ್ನ ಜೊತೆಗಾರನ ತೆರೆದ ಹೊಟ್ಟೆಯ ಮುಂದೆ ಆ ಕೈ ನಡುಗಿದ್ದರೆ ವೈದ್ಯರ ಜಾಣ್ಮೆ ಅರ್ಧ ವ್ಯರ್ಥವಾಗುತ್ತಿತ್ತು. ಅಂದು ಅವರಲ್ಲಿ ಪರಸ್ಪರ ವಿಶ್ವಾಸವಿರದಿದ್ದರೆ, ಅದನ್ನು ಆ ರಾತ್ರಿ ಹೊಸದಾಗಿ ಗಳಿಸಲು ವೇಳೆಯೆಲ್ಲಿತ್ತು? ಅದು ಹಿಂದಿನ ದಿನಗಳಲ್ಲಿ ಒಂದೇ ಮೇಜಿನಲ್ಲಿ ಉಂಡು, ಒಂದೇ ಕೆಲಸಕ್ಕೆ ಹೆಗಲು ಕೊಟ್ಟು ಗಳಿಸಿದ್ದು.

ದಿನನಿತ್ಯದ ಬೇಸರದ ಕೆಲಸದ ಬೆಲೆಗೂ ಅಲ್ಲಿ ಒಂದು ದೃಷ್ಟಾಂತವಿದೆ. ಬ್ರಿಟಿಷರ ಹ್ಯಾಲಿ ನೆಲೆಯಲ್ಲಿ 1950ರ ದಶಕದ ಕೊನೆಯಿಂದ ವರ್ಷವರ್ಷವೂ ಹೊಸ ಹೊಸ ತಂಡದವರು ಆಕಾಶದ ಓಝೋನನ್ನು ಅಳೆದು ಬರೆದಿಡುತ್ತಿದ್ದರು. ಇಂದಿನ ಅಂಕಿಗೆ ಇಂದೇನೂ ಅರ್ಥವಿಲ್ಲ. ಆದರೂ ಬರೆದರು. ಆ ಅಂಕಿಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಓಝೋನ್ ಪದರ ತೆಳುವಾಗುತ್ತಿರುವುದು ಬೆಳಕಿಗೆ ಬಂದು, 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಅದನ್ನು ಪ್ರಕಟಿಸಿದರು. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ರಾಷ್ಟ್ರಗಳು ಆ ಪದರವನ್ನು ಕಾಯುವ ಒಪ್ಪಂದ ಮಾಡಿಕೊಂಡವು. ಅಂಕಿ ಬರೆದಿಟ್ಟವರಲ್ಲಿ ಹೆಚ್ಚಿನವರ ಹೆಸರು ನಮಗಾರಿಗೂ ತಿಳಿಯದು.

ಎಲ್ಲವೂ ಸೊಗಸಾಗಿಯೇ ನಡೆಯುತ್ತದೆಂದು ಭಾವಿಸಬಾರದು. ಕತ್ತಲ ತಿಂಗಳುಗಳಲ್ಲಿ ನಿದ್ರೆ ಕೆಡುತ್ತದೆ. ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಒಬ್ಬ ಚಮಚ ಸದ್ದು ಮಾಡುವುದು, ಇನ್ನೊಬ್ಬ ಹೇಳಿದ ಕಥೆಯನ್ನೇ ಹೇಳುವುದು ಸಹಿಸಲಾಗದಂತಾಗುತ್ತದೆ. ಅವಧಿಯ ಅರ್ಧ ಕಳೆದ ಮೇಲೆ, ಮೂರನೆಯ ಕಾಲುಭಾಗದಲ್ಲಿ ಮನಸ್ಸು ಹೆಚ್ಚು ಕುಗ್ಗುತ್ತದೆಂದು 1991ರಲ್ಲಿ ಇಬ್ಬರು ಸಂಶೋಧಕರು ಬರೆದರು. ಎಲ್ಲ ತಂಡಗಳಲ್ಲೂ ಹಾಗೆಯೇ ಆಗುತ್ತದೆಂದಲ್ಲ. ಆದರೂ ಅನುಭವಿಗಳು ಆ ಕಾಲದಲ್ಲಿ ಎಚ್ಚರವಾಗಿರುತ್ತಾರೆ. ಜೂನ್ 21ರ ಸುಮಾರಿಗೆ ಕತ್ತಲಿನ ನಟ್ಟನಡುವೆ ಖಂಡದ ಎಲ್ಲ ನೆಲೆಗಳವರೂ ಹಬ್ಬ ಮಾಡುತ್ತಾರೆ. ಒಂದು ದೇಶದ ನೆಲೆಯಿಂದ ಇನ್ನೊಂದಕ್ಕೆ ಶುಭಾಶಯ ಹೋಗುತ್ತದೆ. ಅಂದು ವಿಶೇಷ ಅಡಿಗೆ, ಹಾಡು, ಹಾಸ್ಯ. ಇದು ಬರಿಯ ಮೋಜಲ್ಲ, ಮನಸ್ಸಿಗೆ ಕೊಡುವ ಔಷಧಿ.

ಈ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. 1983-84ರಲ್ಲೇ ಸುದೀಪ್ತಾ ಸೇನಗುಪ್ತಾ ಮತ್ತು ಅದಿತಿ ಪಂತ್ ಅಂಟಾರ್ಕ್ಟಿಕಾಕ್ಕೆ ಹೋಗಿಬಂದರು. ನಮ್ಮ ದೇಶದ ಇನ್ನೊಂದು ನೆಲೆಯಾದ ಭಾರತಿ 2012ರಲ್ಲಿ ಆರಂಭವಾಯಿತು. ಇಸ್ರೋದ ಮಂಗಳಾ ಮಣಿ ಅವರು 2016-17ರಲ್ಲಿ ಅಲ್ಲಿ 403 ದಿನ ಇದ್ದರು. ಅವರಿಗಾಗ ವಯಸ್ಸು 56. ಹಿಂದೆಂದೂ ಹಿಮ ಬೀಳುವುದನ್ನು ಕಂಡವರಲ್ಲ. 23 ಮಂದಿಯ ತಂಡದಲ್ಲಿ ಅವರೊಬ್ಬರೇ ಮಹಿಳೆ. ಮಕ್ಕಳು ಬೆಳೆದ ಮೇಲೆ ಇನ್ನು ನಮ್ಮಿಂದೇನಾದೀತು ಎನ್ನುವ ನಮ್ಮ ತಾಯಂದಿರು ಈ ಮಾತನ್ನು ನೆನಪಿಡಲಿ.

ವಾಚಕರೇ, ಆ ಇಪ್ಪತ್ತೈದು ಮಂದಿ ಒಬ್ಬರನ್ನೊಬ್ಬರು ಆರಿಸಿಕೊಂಡು ಬಂದವರಲ್ಲ. ನಮ್ಮ ಅತ್ತೆ, ಸೊಸೆ, ಓರಗಿತ್ತಿ, ಅಣ್ಣತಮ್ಮಂದಿರೂ ಹಾಗೆಯೇ. ಅವರಿಗೆ ಬಾಗಿಲು ತೆರೆದು ಹೋಗಲು ದಾರಿಯಿಲ್ಲ, ಆದ್ದರಿಂದ ಹೊಂದಿಕೊಳ್ಳುವುದನ್ನು ಕಲಿಯುತ್ತಾರೆ. ನಮಗೆ ದಾರಿಯಿದೆ, ಆದ್ದರಿಂದ ಬೇಗ ಮುನಿಯುತ್ತೇವೆ. ಮನೆಯಲ್ಲಿ ಹಿಟ್ಟು ನಾದುವವರು, ನೀರು ತುಂಬಿಡುವವರು, ಹಿರಿಯರ ಔಷಧಿಯ ವೇಳೆ ನೆನಪಿಡುವವರು ಯಾರೆಂದು ಇಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಒಮ್ಮೆ ನೋಡಿರಿ. ಪಾತ್ರೆ ತೊಳೆಯುವ ಸರದಿ ಯಾವಾಗಲೂ ಒಬ್ಬರದೇ ಆಗಿದ್ದರೆ, ನಾಳೆಯಿಂದ ಅದನ್ನು ಹಂಚಿಕೊಳ್ಳಿರಿ. ಕಷ್ಟದ ರಾತ್ರಿ ಬಂದಾಗ ನಮಗೆ ಕನ್ನಡಿ ಹಿಡಿಯಬೇಕಾದವರು ಅವರೇ.