ಹ್ಯಾರೋ ಶಾಲೆಯ ಹೆಸರುಗಳ ಪಟ್ಟಿ

ತಮ್ಮಲ್ಲಿ ಓದಿ ಪ್ರಸಿದ್ಧರಾದವರ ಹೆಸರುಗಳನ್ನು ಶಾಲೆಗಳು ಪಟ್ಟಿಮಾಡಿ ಪ್ರಕಟಿಸುವುದುಂಟು. ಮಕ್ಕಳಿಗೆ ತಕ್ಕ ವಿದ್ಯಾಸ್ಥಾನವನ್ನು ಅರಸುವ ಗೃಹಸ್ಥರು ಅಂಥ ಪಟ್ಟಿಯನ್ನು ಕಂಡೊಡನೆ, ನಮ್ಮ ಹುಡುಗನ ಹೆಸರೂ ಒಂದು ದಿನ ಇದರಲ್ಲಿ ಸೇರೀತೆಂದು ಆಶಿಸುವುದು ಸಹಜವೇ ಆಗಿದೆ. ಶಿಷ್ಯನ ಕೀರ್ತಿಯಲ್ಲಿ ಗುರುವಿಗೂ ಪಾಲುಂಟೆಂಬ ನಂಬುಗೆ ನಮ್ಮಲ್ಲಿ ಬಹು ಪ್ರಾಚೀನವಾದುದು; ಉಪಾಧ್ಯಾಯ ವೃತ್ತಿಯಲ್ಲಿ ತಲೆ ನರೆತ ನನಗೆ ಅದು ಅಪ್ರಿಯವಾದ ಮಾತೂ ಅಲ್ಲ. ಆದರೆ ಆ ಕೀರ್ತಿಯಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು, ಬೀದಿಯ ಪಾಲೆಷ್ಟು ಎಂಬುದನ್ನು ವಿಂಗಡಿಸಿ ನೋಡದೆ ಪಟ್ಟಿಗೆ ಮರುಳಾಗುವುದು ಉಚಿತವಲ್ಲ. ನಿದರ್ಶನಕ್ಕಾಗಿ ಇಂಗ್ಲೆಂಡಿನ ಹ್ಯಾರೋ ಎಂಬ ಪ್ರಸಿದ್ಧ ಶಾಲೆಯ ಪಟ್ಟಿಯನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಲಂಡನ್ ನಗರದ ವಾಯವ್ಯಕ್ಕೆ ಒಂದು ಗುಡ್ಡದ ಮೇಲೆ ಈ ಶಾಲೆಯಿದೆ. 1572ರಲ್ಲಿ ಜಾನ್ ಲಯನ್ ಎಂಬ ಸ್ಥಿತಿವಂತನಾದ ರೈತನೊಬ್ಬನು ಮೊದಲನೆಯ ಎಲಿಜಬೆತ್ ರಾಣಿಯಿಂದ ಸನ್ನದನ್ನು ಪಡೆದು ಇದನ್ನು ಸ್ಥಾಪಿಸಿದನು. ತನ್ನ ಊರಿನ ಹುಡುಗರಿಗೆ ಧರ್ಮಾರ್ಥವಾಗಿ ವಿದ್ಯೆ ದೊರೆಯಬೇಕೆಂಬುದೇ ಅವನ ಸಂಕಲ್ಪ. ಪರಸ್ಥಳದಿಂದ ಬರುವವರಿಂದ ಶುಲ್ಕವನ್ನು ತೆಗೆದುಕೊಳ್ಳಬಹುದೆಂದೂ ಅವನು ವಿಧಿಸಿದ್ದನು. ಕಾಲಕ್ರಮದಲ್ಲಿ ಶುಲ್ಕ ತೆತ್ತು ಅಲ್ಲಿಯೇ ವಾಸಿಸಿ ಓದುವ ಶ್ರೀಮಂತರ ಮಕ್ಕಳೇ ಹೆಚ್ಚಿ, ರೈತನು ಕಟ್ಟಿದ ಶಾಲೆಯು ಪ್ರಭುಗಳ ಶಾಲೆಯಾಗಿ ಪರಿಣಮಿಸಿತು. 1615ರಲ್ಲಿ ತೆರೆದ ಹಳೆಯ ಕಟ್ಟಡದ ಕೊಠಡಿಯೊಂದರಲ್ಲಿ, ಗೋಡೆಗೆ ಹೊದಿಸಿದ ಮರದ ಹಲಗೆಗಳ ಮೇಲೆ ಹುಡುಗರು ಕೆತ್ತಿದ ಹೆಸರುಗಳು ಇಂದಿಗೂ ಉಳಿದಿವೆ. ನಾಟಕಕಾರ ಷೆರಿಡನ್, ಕವಿ ಬೈರನ್, ಪ್ರಧಾನಮಂತ್ರಿಗಳಾದ ಪೀಲ್ ಮತ್ತು ಪಾಮರ್‌ಸ್ಟನ್ ಇವರ ಹೆಸರುಗಳು ಅವುಗಳಲ್ಲಿ ಸೇರಿವೆ. ಬ್ರಿಟನ್ನಿನ ಪ್ರಧಾನಮಂತ್ರಿಗಳಾದವರಲ್ಲಿ 7 ಮಂದಿ ಈ ಶಾಲೆಯಲ್ಲಿ ಓದಿದವರು.

ಸಂಸ್ಕೃತವನ್ನು ಓದಿದವರಿಗೆ ಈ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಹೆಸರು ಸರ್ ವಿಲಿಯಂ ಜೋನ್ಸ್ ಅವರದು. ಇವರು 1746ರಲ್ಲಿ ಜನಿಸಿದರು. ಮೂರು ವರ್ಷ ತುಂಬುವುದರೊಳಗಾಗಿ ತಂದೆಯು ತೀರಿಕೊಂಡುದರಿಂದ ತಾಯಿಯೇ ಮೊದಲ ಗುರುವಾದಳು. ಮಗುವು ಯಾವುದನ್ನು ಕೇಳಿದರೂ, ಓದು, ನಿನಗೇ ತಿಳಿಯುತ್ತದೆ ಎಂಬುದೇ ಆಕೆಯ ಉತ್ತರವಾಗಿತ್ತಂತೆ. 1753ರಲ್ಲಿ ಹ್ಯಾರೋ ಸೇರಿದ ಬಾಲಕನು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಗಟ್ಟಿಯಾಗಿ ಕಲಿತುದಲ್ಲದೆ, ಹೀಬ್ರೂ, ಅರಬ್ಬೀ ಲಿಪಿಗಳ ಪರಿಚಯವನ್ನೂ ಮಾಡಿಕೊಂಡನು. ಮುಂದೆ 1783ರಲ್ಲಿ ನ್ಯಾಯಾಧೀಶರಾಗಿ ಕಲ್ಕತ್ತೆಗೆ ಬಂದು, ಮರುವರ್ಷವೇ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದರು. ಬ್ರಾಹ್ಮಣ ಪಂಡಿತರು ಸಂಸ್ಕೃತವನ್ನು ಕಲಿಸಲು ಒಪ್ಪದಿರಲು, ವೈದ್ಯ ಕುಲದ ರಾಮಲೋಚನ ಪಂಡಿತರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು 1786ರಲ್ಲಿ ಸಾರಿ, 1789ರಲ್ಲಿ ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಹ್ಯಾರೋದಲ್ಲಿ ಕಲಿತ ಗ್ರೀಕ್ ಲ್ಯಾಟಿನ್ನುಗಳ ಬಲವಿಲ್ಲದಿದ್ದರೆ ಆ ಸಾದೃಶ್ಯವು ಅವರಿಗೆ ಹೊಳೆಯುತ್ತಿರಲಿಲ್ಲ. ಶಾಲೆಯ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನಡುವಯಸ್ಸಿನಲ್ಲಿ, ಪರದೇಶದಲ್ಲಿ, ಪದವಿಯಲ್ಲಿದ್ದಾಗಲೂ ಮತ್ತೊಬ್ಬರ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವ ಆ ಹಸಿವು ತಾಯಿಯ ಮಡಿಲಿನಲ್ಲಿಯೇ ಹುಟ್ಟಿದ್ದುದು.

ಇನ್ನೊಬ್ಬರಿಗೆ ಪಾಠವು ದೊರೆತುದು ತರಗತಿಯಲ್ಲಿ ಅಲ್ಲ, ಗುಡ್ಡದ ಇಳಿಜಾರಿನ ಹಾದಿಯಲ್ಲಿ. 1801ರಲ್ಲಿ ಜನಿಸಿದ ಆಂಥನಿ ಆಷ್ಲಿ ಕೂಪರ್ ಎಂಬ ಪ್ರಭುಕುಮಾರನು ಹ್ಯಾರೋದಲ್ಲಿ ಓದುತ್ತಿದ್ದಾಗ, ಒಬ್ಬ ದಿಕ್ಕಿಲ್ಲದ ಬಡವನ ಶವವನ್ನು ಹೊತ್ತು ತರುತ್ತಿದ್ದವರು ಕುಡಿದ ಅಮಲಿನಲ್ಲಿ ಕೂಗಾಡುತ್ತ ಶವಪೆಟ್ಟಿಗೆಯನ್ನು ನೆಲಕ್ಕೆ ಕೆಡವಿದುದನ್ನು ಕಂಡನು. ಬಡವನೆಂಬ ಕಾರಣದಿಂದಲೇ ಸತ್ತ ಮೇಲೂ ಮನುಷ್ಯನಿಗೆ ಇಂಥ ಗತಿಯೇ ಎಂದು ಮರುಗಿ, ದೀನರ ಸೇವೆಗೆ ಬಾಳನ್ನು ಮುಡಿಪಾಗಿಡಲು ಅಂದೇ ನಿಶ್ಚಯಿಸಿದನು. ಷಾಫ್ಟ್ಸ್‌ಬರಿ ಪ್ರಭುವೆಂದು ಮುಂದೆ ಪ್ರಖ್ಯಾತರಾದವರು ಇವರೇ. ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ನೆಲದೊಳಗಣ ಗಣಿಗಳಲ್ಲಿ ದುಡಿಸಬಾರದೆಂಬ 1842ರ ಕಾನೂನು ಇವರ ಪ್ರಯತ್ನದ ಫಲ. ನೂಲಿನ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಗೊಳಿಸಿದ 1847ರ ಕಾನೂನಿಗಾಗಿಯೂ ಇವರು ಬಹುಕಾಲ ಹೋರಾಡಿದರು. ಆ ಶವವು ಬಿದ್ದ ಸ್ಥಳದ ಸಮೀಪದಲ್ಲಿ ಈಗ ಒಂದು ಸ್ಮಾರಕ ಫಲಕವಿದೆ.

ಕಡೆಯ ಬೆಂಚಿನ ಹುಡುಗರ ತಂದೆತಾಯಿಗಳು ವಿನ್‌ಸ್ಟನ್ ಚರ್ಚಿಲ್ಲರ ವೃತ್ತಾಂತವನ್ನು ಗಮನಿಸಬೇಕು. 1888ರಲ್ಲಿ ಹ್ಯಾರೋ ಸೇರಿದ ಅವರು ಎಲ್ಲಕ್ಕೂ ಕೆಳಗಿನ ತರಗತಿಯಲ್ಲಿಯೇ ಬಹುಕಾಲ ಉಳಿದರು. ಮೇಲಿನವರು ಗ್ರೀಕ್ ಲ್ಯಾಟಿನ್ ಕಲಿಯುತ್ತಿರಲು, ಇವರಂಥ ಮಂದರಿಗೆ ಇಂಗ್ಲಿಷಷ್ಟೇ ಗತಿಯೆಂದು ಗಣಿಸಲಾಯಿತು. ಸಾಮರ್ವೆಲ್ ಎಂಬ ಉಪಾಧ್ಯಾಯರು ಆ ಮಂದರಿಗೆ ವಾಕ್ಯಗಳನ್ನು ಬಿಡಿಸಿ, ಒಂದೊಂದು ಅಂಗವನ್ನೂ ತೋರಿಸಿ ಪಾಠಹೇಳಿದರು. ಇಂಗ್ಲಿಷ್ ವಾಕ್ಯದ ರಚನೆಯು ತಮ್ಮ ಮೂಳೆಗೆ ಹತ್ತಿದುದು ಹೀಗೆಯೇ ಎಂದು ಚರ್ಚಿಲ್ಲರು ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. 1953ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕವು ದೊರೆಯಿತು. ಮೇಲಿನ ತರಗತಿಯ ಉಪಾಧ್ಯಾಯರನ್ನು ಎಲ್ಲರೂ ಹೊಗಳುತ್ತಾರೆ. ಕೆಳಗಿನ ತರಗತಿಗೆ ಶ್ರದ್ಧೆಯಿಂದ ಪಾಠಹೇಳಿದವರ ಹೆಸರು ಹೀಗೆ ಅಪರೂಪಕ್ಕೊಮ್ಮೆ ಬೆಳಕಿಗೆ ಬರುತ್ತದೆ.

ಜವಾಹರಲಾಲ ನೆಹರೂ ಅವರು 1905ರಲ್ಲಿ, 15ನೆಯ ವಯಸ್ಸಿನಲ್ಲಿ, ಅದೇ ಶಾಲೆಗೆ ಸೇರಿದರು. ಹೊಸ ಮಂತ್ರಿಮಂಡಲದ ವಿಚಾರವಾಗಿ ಉಪಾಧ್ಯಾಯರು ಪ್ರಶ್ನಿಸಿದಾಗ, ಮಂತ್ರಿಗಳ ಹೆಸರುಗಳನ್ನು ಬಹುಮಟ್ಟಿಗೆ ಪೂರ್ತಿಯಾಗಿ ಹೇಳಬಲ್ಲವನು ಆ ತರಗತಿಯಲ್ಲಿ ಈ ಭಾರತೀಯ ಹುಡುಗನೊಬ್ಬನೇ ಆಗಿದ್ದನು. ಶಾಲೆಯಲ್ಲಿ ಬಹುಮಾನವಾಗಿ ಬಂದ ಪುಸ್ತಕವೊಂದು ಇಟಲಿಯ ಸ್ವಾತಂತ್ರ್ಯವೀರ ಗ್ಯಾರಿಬಾಲ್ಡಿಯ ಚರಿತ್ರೆ. ಅದನ್ನು ಬರೆದ ಟ್ರೆವೆಲಿಯನ್ನರೂ ಹ್ಯಾರೋದ ಹಳೆಯ ವಿದ್ಯಾರ್ಥಿಗಳೇ! ಭಾರತದಲ್ಲಿಯೂ ಅಂಥ ಸ್ವಾತಂತ್ರ್ಯ ಸಂಗ್ರಾಮವು ನಡೆಯುವ ಚಿತ್ರವು ಆ ಪುಸ್ತಕದಿಂದ ಹುಡುಗನ ಕಣ್ಣಿಗೆ ಕಟ್ಟಿತು. 1942ರ ಆಗಸ್ಟಿನಲ್ಲಿ ನೆಹರೂ ಅವರು ಬಂಧಿತರಾಗಿ ಅಹಮದ್‌ನಗರದ ಕೋಟೆಯನ್ನು ಸೇರಿದಾಗ ಬ್ರಿಟನ್ನಿನ ಪ್ರಧಾನಮಂತ್ರಿಗಳಾಗಿದ್ದವರು ಚರ್ಚಿಲ್ಲರು. ಸೆರೆಯಲ್ಲಿಟ್ಟ ಸರ್ಕಾರದ ನಾಯಕರೂ ಸೆರೆಯಾಳೂ ಒಂದೇ ಶಾಲೆಯ ಶಿಷ್ಯರು. ಶಾಲೆಯು ಇಬ್ಬರಿಗೂ ಕೊಟ್ಟುದು ಒಂದೇ ಭಾಷೆ, ಒಂದೇ ಬಗೆಯ ಗ್ರಂಥಗಳು. ಅವುಗಳಿಂದ ಏನನ್ನು ಕಟ್ಟಬೇಕೆಂಬುದನ್ನು ಅವರವರೇ ನಿಶ್ಚಯಿಸಿದರು.

ಕಡೆಯದಾಗಿ ಹೇಳಬೇಕಾದ ಹೆಸರು ಕಾದಂಬರಿಕಾರ ಆಂಥನಿ ಟ್ರಾಲಪ್ ಅವರದು. ಇವರು 1815ರಲ್ಲಿ ಜನಿಸಿದರು. ತಂದೆಯ ವಕೀಲಿಯೂ ಬೇಸಾಯವೂ ಕೈಗೂಡದೆ ಮನೆಯಲ್ಲಿ ಬಡತನವು ನೆಲೆಸಿತ್ತು. ಊರಿನ ನಿವಾಸಿಗಳಿಗೆ ಸಲ್ಲುತ್ತಿದ್ದ ರಿಯಾಯಿತಿಯಲ್ಲಿ ಈ ಹುಡುಗನು ಮನೆಯಿಂದಲೇ ಕೆಸರು ದಾರಿಯನ್ನು ತುಳಿದು ಶಾಲೆಗೆ ಹೋಗುತ್ತಿದ್ದನು. ಇಂಥ ಕೊಳಕು ಹುಡುಗನು ಹ್ಯಾರೋಗೆ ಸೇರಿದವನೇ ಎಂದು ಮುಖ್ಯೋಪಾಧ್ಯಾಯರು ನಡುಬೀದಿಯಲ್ಲಿ ಗದರಿಸಿದುದನ್ನೂ, ಶ್ರೀಮಂತರ ಮಕ್ಕಳು ದೂರವಿಟ್ಟುದನ್ನೂ ಅವರು ವೃದ್ಧಾಪ್ಯದಲ್ಲಿಯೂ ಮರೆಯಲಾರದೆ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾರೆ. ಅವರು ಅಂಚೆಯ ಇಲಾಖೆಯಲ್ಲಿ ನೌಕರಿಮಾಡುತ್ತಲೇ ಪ್ರತಿದಿನ ಬೆಳಗಿನ ಜಾವದಲ್ಲಿ ಬರೆಯುತ್ತಿದ್ದು, 47 ಕಾದಂಬರಿಗಳನ್ನು ರಚಿಸಿದರು. ಬೀದಿಯ ಅಂಚೆಪೆಟ್ಟಿಗೆಯನ್ನು ಸೂಚಿಸಿ, 1852ರಲ್ಲಿ ಜರ್ಸಿ ದ್ವೀಪದಲ್ಲಿ ನಿಲ್ಲಿಸುವಂತೆ ಮಾಡಿದವರೂ ಇವರೇ. ಈಗ ಅವರ ಹೆಸರೂ ಶಾಲೆಯ ಪಟ್ಟಿಗೆ ಭೂಷಣವಾಗಿದೆ.

ವಾಚಕರು ಆಲೋಚಿಸಬೇಕು. ಜಾನ್ ಲಯನ್ ಶಾಲೆಯನ್ನು ಕಟ್ಟಿದುದು ಯಾರಿಗಾಗಿ? ನಡೆದು ಬರುವ ಊರಿನ ಹುಡುಗನಿಗಾಗಿಯೇ ಅಲ್ಲವೆ? ಅಂಥವನೊಬ್ಬನು ಬಂದಾಗ ಅವನನ್ನು ಅವಮಾನಿಸಿ, ಕೀರ್ತಿ ಬಂದ ಬಳಿಕ ನಮ್ಮವನೆಂದು ಎಣಿಸಿಕೊಂಡುದು ಯಾವ ನ್ಯಾಯ? 1876ರಲ್ಲಿ ಊರಿನ ಹುಡುಗರಿಗಾಗಿ ಜಾನ್ ಲಯನ್ನನ ಹೆಸರಿನಲ್ಲಿಯೇ ಬೇರೊಂದು ಶಾಲೆಯನ್ನು ತೆರೆಯಬೇಕಾಗಿ ಬಂದಿತು. ಕೆಸರು ಕಾಲಿನಿಂದ ಬಂದು, ಕೀರ್ತಿಯನ್ನು ಪಡೆಯದೆ ಹೋದ ಇತರ ಹುಡುಗರು ಎಷ್ಟು ಮಂದಿಯೋ, ಅವರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಆದುದರಿಂದ ಶಾಲೆಯನ್ನು ಆರಿಸುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಹೆಸರುಗಳ ಪಟ್ಟಿಯನ್ನು ಓದಿರಿ, ತಪ್ಪಿಲ್ಲ. ಬಳಿಕ ಒಂದು ದಿನ ಶಾಲೆಯ ಬಾಗಿಲಿಗೆ ಹೋಗಿ, ಬಡವರ ಮಗುವನ್ನು ಅಲ್ಲಿನ ಉಪಾಧ್ಯಾಯರು ಹೇಗೆ ಮಾತನಾಡಿಸುತ್ತಾರೆಂದು ನೋಡಿರಿ. ಎಲ್ಲಕ್ಕೂ ಕೆಳಗಿನ ತರಗತಿಗೆ ಪಾಠಹೇಳುವವರು ಯಾರೆಂದು ವಿಚಾರಿಸಿರಿ. ಸಂಜೆ ಮನೆಗೆ ಬಂದ ಮಗುವು ಏನನ್ನಾದರೂ ಕೇಳಿದರೆ, ಪತ್ರಿಕೆಯನ್ನು ಕೆಳಗಿಟ್ಟು, ಜೊತೆಯಲ್ಲಿ ಕುಳಿತು ಪುಸ್ತಕವನ್ನು ತೆರೆಯಿರಿ.